ಫೋನ್ ಕಿತ್ತುಕೊಂಡ ಮೇಲೆ ಅವನು ಆಡುದು ಯಾರ ಜೊತೆ?

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ರ. ಗಂಡ ದುಬೈಲಿ, ಮನೆಯಲ್ಲಿ ನಾನು, ಅತ್ತೆ, ಇಬ್ಬರು ಮಕ್ಕಳು. ಮಗ ನಾಲ್ಕನೇ ಕ್ಲಾಸು, ಶಾಲೆಯಿಂದ ಬಂದವನು ಫೋನ್ ಹಿಡಿದ್ರೆ ಗೇಮು, ಯೂಟ್ಯೂಬಿನ ಶಾರ್ಟ್ಸು, ಕಿತ್ತುಕೊಂಡ್ರೆ ಬೊಬ್ಬೆ. ಮಗಳಿಗೆ ಮೂರು ವರ್ಷ, ಊಟ ಮಾಡ್ಲಿಕ್ಕೆ ಯೂಟ್ಯೂಬ್ ಬೇಕೇ ಬೇಕು, ಬಣ್ಣದ ಹೆಸರೆಲ್ಲ ಇಂಗ್ಲಿಷಲ್ಲಿ ಹೇಳ್ತಾಳೆ, ಆದ್ರೆ ಮಾತು ಕಮ್ಮಿ. ಅತ್ತೆ ದಿನಾ ಹೇಳುದು, ನಾವೆಲ್ಲ ಗುಡ್ಡೆ ಗದ್ದೆ ತಿರುಗಿ ಆಡಿ ಬೆಳೆದವ್ರು, ನಿಮಗೆ ಮಕ್ಕಳನ್ನು ನೋಡ್ಲಿಕ್ಕೆ ಉದಾಸೀನ, ಅದಕ್ಕೆ ಫೋನ್ ಕೊಡುದು ಅಂತ. ನಾನೂ ಸಣ್ಣದಿರುವಾಗ ಟಿವಿ ನೋಡಿಯೇ ಬೆಳೆದದ್ದು, ನನಗೇನೂ ಆಗ್ಲಿಲ್ಲ. ದಿನಕ್ಕೆ ಎಷ್ಟು ಗಂಟೆ ಕೊಡಬಹುದು ಅಂತ ಒಂದು ಲೆಕ್ಕ ಹೇಳಿ ಡಾಕ್ಟ್ರೇ.

ಉತ್ತರ: ಲೆಕ್ಕ ಕೇಳಿದ್ದೀರಿ, ಅದನ್ನು ಮೊದ್ಲೇ ಹೇಳಿ ಮುಗಿಸ್ತೇನೆ, ಯಾಕಂದ್ರೆ ಇದ್ದದ್ರಲ್ಲಿ ಸುಲಭದ ಭಾಗ ಅದೇ. ನಮ್ಮ ದೇಶದ ಮಕ್ಕಳ ಡಾಕ್ಟರ್‌ಗಳ ಸಂಘ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಹೇಳುದು ಹೀಗೆ: 2 ವರ್ಷದ ಒಳಗೆ ಸ್ಕ್ರೀನೇ ಬೇಡ, ದೂರ ಇರುವ ಮನೆಯವ್ರ ಜೊತೆ ಆಗಾಗ ವಿಡಿಯೋ ಕಾಲ್ ಆದ್ರೆ ಅಡ್ಡಿಲ್ಲ. 2ರಿಂದ 5 ವರ್ಷಕ್ಕೆ ಹೆಚ್ಚಂದ್ರೆ 1 ಗಂಟೆ, ಅದೂ ಕಮ್ಮಿ ಆದಷ್ಟು ಒಳ್ಳೇದು. 5ರಿಂದ 10ಕ್ಕೆ 2 ಗಂಟೆಗಿಂತ ಕಮ್ಮಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಣ್ಣ ಮಕ್ಕಳಿಗೆ ಅಂತ ಮಾಡಿದ ಸೂಚನೆಯಲ್ಲೂ ಹೆಚ್ಚುಕಮ್ಮಿ ಇದೇ ಉಂಟು. ಆದ್ರೆ ಅದೇ ಸೂಚನೆಯಲ್ಲಿ ಇನ್ನೂ ಎರಡು ಸಂಗತಿ ಉಂಟು, ಅದನ್ನು ಯಾರೂ ಹೇಳುದಿಲ್ಲ: 3-4 ವರ್ಷದ ಮಗು ದಿನಕ್ಕೆ 180 ನಿಮಿಷ ಮೈ ಆಡಿಸ್ಬೇಕು, ಅದ್ರಲ್ಲಿ 60 ನಿಮಿಷ ಉಸಿರು ಮೇಲೆ ಬರುವ ಹಾಗೆ ಓಡ್ಬೇಕು ಹಾರ್ಬೇಕು, ಮತ್ತೆ 10ರಿಂದ 13 ಗಂಟೆ ನಿದ್ದೆ. ಸ್ಕ್ರೀನಿನ 1 ಗಂಟೆ ಮಾತ್ರ ವಾಟ್ಸಾಪಿನಲ್ಲಿ ಎಲ್ಲರಿಗೂ ಬರ್ತದೆ, ಈ 180 ನಿಮಿಷ ಬರುದೇ ಇಲ್ಲ.

ಈಗ ನೀವು ಗೋಡೆ ಗಡಿಯಾರ ನೋಡಿ ಗಂಟೆ ಕಟ್ ಮಾಡ್ಲಿಕ್ಕೆ ಹೊರಟ್ರೆ ಒಂದು ವಾರ ನಡೀಬಹುದು, ಮತ್ತೆ ಮೊದಲಿನ ಹಾಗೇ. ನಮ್ಮ ಆಸ್ಪತ್ರೆಗೆ ಬರುವ ತಾಯಂದಿರಲ್ಲಿ ಬಹಳ ಜನ ಹೇಳುದೂ ಅದೇ. ಫೋನ್ ಬಂದು ಆಟ ಹಾಳಾಯ್ತು ಅಂತ ಎಲ್ಲರೂ ಹೇಳ್ತಾರೆ, ನನಗೆ ಕಾಣುದು ಬೇರೆ: ಆಟಕ್ಕೆ ಬೇಕಾದ ಜಾಗ, ಆಟಕ್ಕೆ ಬೇಕಾದ ಮಕ್ಕಳು ನಮ್ಮೂರಲ್ಲಿ ಫೋನ್ ಬರುವ ಮೊದ್ಲೇ ಕಮ್ಮಿ ಆಗಿತ್ತು, ಫೋನ್ ಬಂದು ಆ ಖಾಲಿ ಜಾಗದಲ್ಲಿ ಕೂತಿತು ಅಷ್ಟೆ. ಹಾಗಾಗಿ ಬರೇ ಫೋನ್ ಕಿತ್ತುಕೊಂಡ್ರೆ ಅಲ್ಲಿ ಉಳಿಯುದು ಖಾಲಿ ಜಾಗವೇ.

ನಿಮ್ಮ ಅತ್ತೆಯವ್ರು ಹೇಳುದ್ರಲ್ಲಿ ಅರ್ಧ ಸತ್ಯ ಉಂಟು. ಗುಡ್ಡೆ ಇತ್ತು, ಗದ್ದೆ ಇತ್ತು, ಹೌದು. ಆದ್ರೆ ಅವ್ರು ಹೇಳದೆ ಬಿಡುವ ಸಂಗತಿ ಎಂತದಂದ್ರೆ, ಅವರನ್ನು ಆಡಿಸಿದ್ದು ಅವರ ಅಮ್ಮ ಅಲ್ಲ. ಅಮ್ಮನಿಗೆ ಹಟ್ಟಿ ಕೆಲಸ, ಬತ್ತ ಬೇಯಿಸುದು, ಅಡಿಕೆ ಸುಲಿಯುದು, ಅದ್ರ ಮಧ್ಯ ಮಕ್ಕಳ ಜೊತೆ ಕೂತು ಆಡ್ಲಿಕ್ಕೆ ಪುರುಸೊತ್ತು ಎಲ್ಲಿ? ಆಡಿಸಿದ್ದು ದೊಡ್ಡ ಮಕ್ಕಳು. ಅಕ್ಕ, ಅಣ್ಣ, ದೊಡ್ಡಪ್ಪನ ಮಕ್ಕಳು, ಒಕ್ಕಲಿನ ಮನೆಯ ಮಕ್ಕಳು, ನೆರೆಕರೆಯ ಬ್ಯಾರಿಗಳ ಮನೆಯ ಮಕ್ಕಳು, ಹನ್ನೆರಡು ವರ್ಷದವನಿಂದ ನಾಲ್ಕು ವರ್ಷದವಳ ತನಕ ಒಂದೇ ಗುಂಪು. ಕುಟ್ಟಿದೊಣ್ಣೆಯಲ್ಲಿ, ಅಂದ್ರೆ ಚಿನ್ನಿದಾಂಡಿನಲ್ಲಿ, ದೊಡ್ಡವ ಹೊಡೀತಾನೆ, ಸಣ್ಣವ ಕುಟ್ಟಿ ಹೆಕ್ಕಿ ತರ್ತಾನೆ, ಹಾಗೆ ಹೆಕ್ಕುತ್ತಾ ಹೆಕ್ಕುತ್ತಾ ಆಟ ಕಲಿತು ಮರುವರ್ಷ ಅವನೂ ಹೊಡೀತಾನೆ. ಲಗೋರಿಗೆ ಎರಡು ಪಾರ್ಟಿ ಬೇಕು. ಕಣ್ಣಾಮುಚ್ಚಾಲೆಗೆ ನಾಲ್ಕು ಜನ ಆದ್ರೂ ಬೇಕು. ಅಡಿಕೆ ಹಾಳೆಯಲ್ಲಿ ಒಬ್ಬ ಕೂತ್ರೆ ಎಳೀಲಿಕ್ಕೆ ಇನ್ನೊಬ್ಬ ಬೇಕು. ಒಬ್ಬನೇ ಆಡುವ ಆಟ ಆಗ ಇದ್ದದ್ದೇ ಕಮ್ಮಿ. ರಾತ್ರೆ ಇಡೀ ಯಕ್ಷಗಾನ ನೋಡಿ ಬಂದ ಮರುದಿನ ಹಾಳೆಯ ಕಿರೀಟ, ಅಮ್ಮನ ಹಳೇ ಸೀರೆ ಕಟ್ಟಿ ಅಂಗಳದಲ್ಲಿ ಕುಣಿಯುವ ಸುಖವೂ ಹಾಗೇ, ದೇವೇಂದ್ರ ಒಬ್ಬನೇ ಎಷ್ಟು ಹೊತ್ತು ಕುಣಿದಾನು, ಎದುರು ರಾಕ್ಷಸ ಬೇಕಲ್ವಾ. ನಮ್ಮದು ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರು ಕುಂಬಳೆಯ ಆಸುಪಾಸು ಬೇರೆ, ಚೆಂಡೆ ಇಲ್ಲದಿದ್ರೆ ಡಬ್ಬ ಬಡಿಯುವವ ಒಬ್ಬ ಎಲ್ಲ ಮನೆಯಲ್ಲೂ ಇದ್ದ.

ಈಗ ನಿಮ್ಮ ಮನೆ ಹತ್ರ ಹತ್ತು ವರ್ಷದ ಆಸುಪಾಸಿನ ಮಕ್ಕಳು ಎಷ್ಟು ಜನ ಇದ್ದಾರೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಕೇರಳದಲ್ಲಿ ಒಂದು ಹೆಂಗಸಿಗೆ ಸರಾಸರಿ ಎರಡು ಮಕ್ಕಳು ಅನ್ನುವ ಮಟ್ಟಕ್ಕೆ ಎಂಬತ್ತರ ದಶಕದ ಕೊನೆಗೇ ಬಂದು ಮುಟ್ಟಿತ್ತು, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೆಯಲ್ಲಿ ಅದು 1.8. ಮಕ್ಕಳು ಕಮ್ಮಿ ಆದದ್ದು ಕೆಟ್ಟದ್ದು ಅಂತ ನಾನು ಹೇಳುದಲ್ಲ, ಹೆತ್ತವ್ರ ಆರೋಗ್ಯಕ್ಕೆ ಮಕ್ಕಳ ಆರೋಗ್ಯಕ್ಕೆ ಅದ್ರಿಂದ ಬಂದ ಲಾಭ ದೊಡ್ಡದು, ಆದ್ರೆ ಲಗೋರಿಗೆ ಪಾರ್ಟಿ ಆಗುದಿಲ್ಲ ಅನ್ನುದೂ ಅಷ್ಟೇ ಸತ್ಯ. ಅದ್ರ ಮೇಲೆ ಶಾಲೆ. ಮೊದಲು ಒಂದು ಊರಿನ ಮಕ್ಕಳೆಲ್ಲ ಒಂದೇ ಶಾಲೆಗೆ ಒಂದೇ ದಾರಿಯಲ್ಲಿ ನಡೆದುಕೊಂಡು ಹೋಗುದು, ದಾರಿಯೇ ಅರ್ಧ ಆಟ, ಕುಂಟಾಲ ಹಣ್ಣು, ಕೇಪಳ ಹಣ್ಣು, ನೇರಳೆ ತಿಂದು ನಾಲಗೆ ನೀಲಿ ಮಾಡಿಕೊಂಡು, ಅಡಿಕೆಮರದ ಕಾಲುಸಂಕದ ಮೇಲೆ ನಿಂತು ತೋಡಿನ ಮೀನು ನೋಡಿ, ಮನೆಗೆ ಬರುವಾಗ ಐದೂವರೆ. ಈಗ ಒಂದೇ ಓಣಿಯ ನಾಲ್ಕು ಮನೆಯ ಮಕ್ಕಳು ನಾಲ್ಕು ವ್ಯಾನಲ್ಲಿ ನಾಲ್ಕು ಕಡೆಗೆ ಹೋಗ್ತಾರೆ, ಒಬ್ಬ ಕನ್ನಡ ಮೀಡಿಯಂ, ಒಬ್ಬ ಮಲಯಾಳ, ಇಬ್ಬರು ಇಂಗ್ಲಿಷ್. ಪಕ್ಕದ ಮನೆಯ ಹುಡುಗನ ಹೆಸರೇ ಗೊತ್ತಿಲ್ಲದ ಮಕ್ಕಳನ್ನು ನಾನು ನೋಡಿದ್ದೇನೆ.

ರಜೆಯಲ್ಲಾದ್ರೂ ಬಂಧುಗಳ ಮಕ್ಕಳು ಸೇರ್ತಾರಾ ಅಂದ್ರೆ ಅಲ್ಲಿ ನಮ್ಮ ಗಡಿನಾಡಿನ ಬೇರೆಯೇ ಒಂದು ಕಷ್ಟ. ನಿಮ್ಮ ಅಕ್ಕನೋ ತಂಗಿಯೋ ಪುತ್ತೂರಲ್ಲಿ ವಿಟ್ಲದಲ್ಲಿ ಇದ್ರೆ ಅವರ ಮಕ್ಕಳಿಗೆ ಅಕ್ಟೋಬರಿನಲ್ಲಿ ದಸರಾ ರಜೆ, ನಮ್ಮ ಮಕ್ಕಳಿಗೆ ಉದ್ದ ರಜೆ ಓಣಂಗೆ ಮತ್ತೆ ಕ್ರಿಸ್ಮಸ್ಸಿಗೆ. ಇವ್ರಿಗೆ ರಜೆ ಇರುವಾಗ ಅವ್ರಿಗೆ ಪರೀಕ್ಷೆ. ಒಟ್ಟಿಗೆ ಸಿಗುದು ಎಪ್ರಿಲ್ ಮೇ ಮಾತ್ರ, ಅದನ್ನೂ ಸಮ್ಮರ್ ಕ್ಯಾಂಪು, ಟ್ಯೂಷನು ತಿಂದು ಹಾಕ್ತದೆ.

ಗದ್ದೆಯ ವಿಷಯಕ್ಕೆ ಬಂದ್ರೆ, ಸುಗ್ಗಿ ಬೆಳೆ ಕೊಯ್ದ ಮೇಲೆ ನೀರಿಲ್ಲದ ಗದ್ದೆ ಮಳೆಗಾಲದ ತನಕ ಖಾಲಿ, ಅದು ಇಡೀ ಊರಿನ ಮೈದಾನು, ಯಾರ ಪರ್ಮಿಷನೂ ಬೇಡ. ಆ ಗದ್ದೆಗಳೆಲ್ಲ ಅಡಿಕೆ ತೋಟ ಆಯ್ತು, ಕೆಲವು ಮನೆಯಾಯ್ತು. ಕೇರಳದಲ್ಲಿ ಗದ್ದೆ ಉಳಿಸುವ ಕಾನೂನು ಬಂದದ್ದು 2008ರಲ್ಲಿ, ಅಷ್ಟೊತ್ತಿಗೆ ನಮ್ಮ ಕಡೆ ಬಹಳ ಗದ್ದೆ ಹೋಗಿ ಆಗಿತ್ತು. ಅಡಿಕೆ ಗಿಡದ ಸಾಲಿನ ಮಧ್ಯ ಕ್ರಿಕೆಟ್ ಆಡ್ಲಿಕ್ಕೆ ಆಗುದಿಲ್ಲ, ಸ್ಪ್ರಿಂಕ್ಲರ್ ಪೈಪಿಗೆ ಬಾಲ್ ತಾಗಿದ್ರೆ ಯಜಮಾನರ ಬೈಗುಳ ಬೇರೆ. ಗುಡ್ಡೆಯಲ್ಲಿ ಕೆಂಪುಕಲ್ಲಿನ ಕೋರೆ, ರಬ್ಬರು. ಉಳಿದ ಜಾಗಕ್ಕೆ ಕಂಪೌಂಡ್ ಗೋಡೆ. ಪೇಟೆಯಲ್ಲಿ ಟರ್ಫ್ ಬಂದಿದೆ, ಗಂಟೆಗೆ ದುಡ್ಡು ಕೊಟ್ಟು ಆಡುದು, ದೊಡ್ಡ ಹುಡುಗ್ರಿಗೆ ಅದು ಒಳ್ಳೇದೇ, ಒಂಬತ್ತು ವರ್ಷದವನು ಒಬ್ಬನೇ ಅಲ್ಲಿಗೆ ಹೋಗುದು ಹೇಗೆ.

ಅತ್ತೆಯವ್ರ ಕಾಲ ಎಲ್ಲ ಬಂಗಾರ ಅಂತಲೂ ಇಲ್ಲ, ಅದನ್ನೂ ಹೇಳ್ಬೇಕು. ಕೆರೆಗೆ ಬಿದ್ದ ಮಕ್ಕಳು, ಗೇರುಮರದಿಂದ ಬಿದ್ದು ಕೈ ಮುರಿದು ನಾಟಿ ವೈದ್ಯರ ಹತ್ರ ಕಟ್ಟಿಸಿ ಕೈ ಸೊಟ್ಟ ಆದವ್ರು, ಹಾವು ಕಚ್ಚಿ ಆಸ್ಪತ್ರೆಗೆ ಮುಟ್ಟದವ್ರು, ಎಲ್ಲ ಆಗಲೇ ಇದ್ದದ್ದು. ಹೆಣ್ಣುಮಕ್ಕಳ ಆಟ ಒಂಬತ್ತು ಹತ್ತು ವರ್ಷಕ್ಕೆ ಮುಗೀತಿತ್ತು, ಮತ್ತೆ ಸೊಂಟದಲ್ಲಿ ತಮ್ಮ, ಕೈಯಲ್ಲಿ ಕೊಡಪಾನ. ನಿಮ್ಮ ಅತ್ತೆಯವ್ರನ್ನು ನಿಧಾನಕ್ಕೆ ಕೇಳಿ ನೋಡಿ, ಅವರು ಆಡಿದ್ದು ಎಷ್ಟು ವರ್ಷ ಅಂತ. ಜಗಳ ತೆಗೀಲಿಕ್ಕೆ ಅಲ್ಲ, ಕಥೆ ಕೇಳಿದ ಹಾಗೆ ಕೇಳಿ.

ಇನ್ನು ನಿಮ್ಮ ಮಾತು, ನಾನೂ ಟಿವಿ ನೋಡಿಯೇ ಬೆಳೆದದ್ದು ಅಂತ. ಇದ್ರಲ್ಲೂ ಅರ್ಧ ಸತ್ಯ. ನಿಮ್ಮ ಪ್ರಾಯದವ್ರಿಗೆ ನೆನಪಿರ್ತದೆ, ದೂರದರ್ಶನದಲ್ಲಿ ಶಕ್ತಿಮಾನ್ ಶುರುವಾದದ್ದು 1997ರಲ್ಲಿ, ಅದು ನೋಡ್ಲಿಕ್ಕೆ ಟಿವಿ ಇರುವ ಮನೆಗೆ ಓಡುದು, ಮಾಡಿನ ಮೇಲೆ ಒಬ್ಬ ಆಂಟೆನಾ ತಿರುಗಿಸ್ಲಿಕ್ಕೆ, ಕೆಳಗೆ ಒಬ್ಬ ಬಂತು ಬಂತು ಅಂತ ಬೊಬ್ಬೆ ಹಾಕ್ಲಿಕ್ಕೆ, ಅಷ್ಟರಲ್ಲಿ ಕರೆಂಟ್ ಹೋಗುದು. ಆಗಲೂ ಹಿರಿಯರು ಮಕ್ಕಳು ಟಿವಿ ನೋಡಿ ಹಾಳಾದ್ವು ಅಂತ ಹೇಳ್ತಿದ್ರು. ಆದ್ರೆ ಆ ಟಿವಿಗೂ ಈ ಫೋನಿಗೂ ಒಂದು ದೊಡ್ಡ ವ್ಯತ್ಯಾಸ ಉಂಟು, ಸೈಜಿನದ್ದಲ್ಲ. ಅರ್ಧ ಗಂಟೆ ಆದ್ರೆ ಶಕ್ತಿಮಾನ್ ಮುಗೀತಿತ್ತು. ಮುಗಿದ ಮೇಲೆ ಬರುದು ವಾರ್ತೆಯೋ ಕೃಷಿಯದ್ದೋ, ಮಕ್ಕಳು ತನ್ನಷ್ಟಕ್ಕೇ ಎದ್ದು ಹೊರಗೆ ಹೋಗಿ ಗಿರಗಿರ ತಿರುಗಿ ಶಕ್ತಿಮಾನ್ ಆಡ್ತಿದ್ರು. ಮಕ್ಕಳನ್ನು ಎಬ್ಬಿಸುವ ಕೆಲಸ ಟಿವಿಯೇ ಮಾಡ್ತಿತ್ತು, ಅಮ್ಮ ಮಾಡ್ಬೇಕಾಗಿರ್ಲಿಲ್ಲ. ಮತ್ತೆ ಟಿವಿ ಮನೆಗೆ ಒಂದು, ನೋಡುವವ್ರು ಹತ್ತು ಜನ, ನೋಡ್ತಾ ನಗುದು, ಜಗಳ, ಇವ ಯಾಕೆ ಹೀಗೆ ಮಾಡಿದ ಅಂತ ಕೇಳುದು, ಎಲ್ಲ ನಡೀತಿತ್ತು.

ಫೋನಿಗೆ ಮುಗಿಯುದು ಅಂತಲೇ ಇಲ್ಲ. ಒಂದು ವಿಡಿಯೋ ಆದ್ರೆ ಇನ್ನೊಂದು ತನ್ನಿಂತಾನೇ ಬರ್ತದೆ, ಬೆರಳು ಮೇಲೆ ತಳ್ಳಿದ್ರೆ ಮತ್ತೊಂದು. ಶಾರ್ಟ್ಸು ನಮ್ಮ ದೇಶದಲ್ಲಿ ಶುರುವಾದದ್ದೇ 2020ರಲ್ಲಿ, ಟಿಕ್‌ಟಾಕ್ ಬ್ಯಾನ್ ಆದ ಕೆಲವೇ ತಿಂಗಳಿಗೆ. ಮುಂದೆ ಎಂತ ಬರ್ತದೆ ಅಂತ ಗೊತ್ತಿಲ್ಲದೆ ಇರುದೇ ಅದ್ರ ಆಕರ್ಷಣೆ, ಹತ್ತು ಬೋರು ಆದ್ರೂ ಹನ್ನೊಂದನೆಯದ್ದು ಲಾಯ್ಕಿದ್ರೆ ಬೆರಳು ನಿಲ್ಲುದಿಲ್ಲ. ನಲುವತ್ತು ವರ್ಷದ ಅಪ್ಪಂದಿರಿಗೇ ನಿಲ್ಲಿಸ್ಲಿಕ್ಕೆ ಆಗುದಿಲ್ಲ ಅಂದ ಮೇಲೆ ಒಂಬತ್ತು ವರ್ಷದವನಿಗೆ ಹಠಮಾರಿ ಅಂತ ಹೆಸರಿಡುದು ನ್ಯಾಯ ಅಲ್ಲ. ಕಿತ್ತುಕೊಂಡಾಗ ಅವನು ಹಾಕುವ ಬೊಬ್ಬೆ ಇದ್ಯಲ್ಲ, ಅದು ಬರುದು ನಡು ಮಧ್ಯದಲ್ಲಿ ಕಿತ್ತುಕೊಂಡದ್ದಕ್ಕೆ. ಎಲ್ಲಿ ಕಿತ್ತುಕೊಂಡ್ರೂ ಅದು ನಡು ಮಧ್ಯವೇ.

ಕೊರೊನಾದ ವಿಷಯ ಹೇಳದೆ ನಿಮ್ಮ ಮಗನ ಕಥೆ ಪೂರ್ತಿ ಆಗುದಿಲ್ಲ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆಗಿತ್ತು ಸರಿ, ಆದ್ರೂ ಮಕ್ಕಳ ಕೈಗೆ ಫೋನ್ ಕೊಡುವಾಗ ಮನಸ್ಸಿಗೆ ಒಂದು ಅಳುಕು ಇತ್ತು. 2020 ಮಾರ್ಚಿನಲ್ಲಿ ಶಾಲೆ ಮುಚ್ಚಿತು, ತಲಪಾಡಿಯಲ್ಲಿ ಕರ್ನಾಟಕದ ಗಡಿಯೂ ಬಂದ್, ಜೂನ್ 1ಕ್ಕೆ ಕೇರಳ ಸರ್ಕಾರದ ಪಾಠದ ಚಾನೆಲ್ ವಿಕ್ಟರ್ಸ್‌ನಲ್ಲಿ ಫಸ್ಟ್ ಬೆಲ್ ಅನ್ನುವ ಕ್ಲಾಸು ಶುರು, ಕನ್ನಡ ಮೀಡಿಯಂ ಪಾಠ ಯೂಟ್ಯೂಬಲ್ಲಿ, ಹೋಮ್‌ವರ್ಕ್ ವಾಟ್ಸಾಪಲ್ಲಿ. ಮೊನ್ನೆ ತನಕ ಫೋನ್ ಮುಟ್ಟಬೇಡ ಅಂತಿದ್ದ ಶಾಲೆಯೇ ಫೋನ್ ಹಿಡ್ಕೊಂಡು ಕೂತ್ಕೋ ಅಂತ ಹೇಳಿತು. ಬೇರೆ ದಾರಿ ಇರ್ಲಿಲ್ಲ, ಆ ಫಸ್ಟ್ ಬೆಲ್ ಇಲ್ಲದಿದ್ರೆ ಎಷ್ಟೋ ಮಕ್ಕಳು ಅಕ್ಷರ ಮರೀತಿದ್ರು. ಆದ್ರೆ ನಿಮ್ಮ ಮಗ ಆಗ ಅಂಗನವಾಡಿಗೆ ಹೋಗುವ ಪ್ರಾಯದವನು, ಅಂಗನವಾಡಿ ಹೆಚ್ಚುಕಮ್ಮಿ ಎರಡು ವರ್ಷ ಮುಚ್ಚಿತ್ತು. ಹಂಚಿ ಆಡುದು, ಸೋತಾಗ ಅತ್ತು ಮತ್ತೆ ಸೇರಿಕೊಳ್ಳುದು, ನನ್ನನ್ನೂ ಸೇರಿಸ್ತೀಯಾ ಅಂತ ಕೇಳುದು, ಇದೆಲ್ಲ ಕಲಿಯುವ ವರ್ಷ ಅದು. ಅವನಿಗೆ ಆ ಪಾಠ ಬಾಕಿ ಉಂಟು.

ಈಗ ಒಬ್ಬೊಬ್ಬರ ವಿಷಯ ಹೇಳ್ತೇನೆ. ಮೊದಲು ಮಗಳದ್ದು, ಯಾಕಂದ್ರೆ ನನಗೆ ಹೆಚ್ಚು ಚಿಂತೆ ಅವಳದ್ದೇ.

ಊಟದ ಹೊತ್ತಿಗೆ ಫೋನ್, ಇದನ್ನು ನಾಳೆಯಿಂದಲೇ ನಿಲ್ಲಿಸಿ, ಸ್ವಲ್ಪ ಸ್ವಲ್ಪ ಕಮ್ಮಿ ಮಾಡುದು ಎಲ್ಲ ಬೇಡ. ಸ್ಕ್ರೀನ್ ನೋಡ್ತಾ ಉಣ್ಣುವ ಮಗುವಿಗೆ ಬಾಯಿಗೆ ಬಂದದ್ದು ಎಂತ, ಹೊಟ್ಟೆ ತುಂಬಿತಾ ಇಲ್ವಾ ಗೊತ್ತಾಗುದಿಲ್ಲ, ಕೆಲವು ಹೆಚ್ಚು ತಿಂತವೆ, ಕೆಲವು ತುತ್ತನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಅರ್ಧ ಗಂಟೆ ಕೂತ್ಕೊಳ್ತವೆ. ನೀವೆಲ್ಲ ಉಣ್ಣುವಾಗ ಅವಳಿಗೂ ಒಂದು ಬಟ್ಟಲು ಇಟ್ಟು ಒಟ್ಟಿಗೆ ಕೂರಿಸಿ, ಅನ್ನ ಸಾರು ಅವಳ ಕೈಯಲ್ಲೇ ಕಲಸ್ಲಿ, ನೆಲ ಎಲ್ಲ ಅನ್ನ ಆಗ್ತದೆ, ಆಗ್ಲಿ. ಅರ್ಧ ಗಂಟೆಯಲ್ಲಿ ತಿಂದಷ್ಟು, ಮತ್ತೆ ಬಟ್ಟಲು ತೆಗೀರಿ. ಮೂರು ನಾಲ್ಕು ದಿನ ಅಳ್ತಾಳೆ, ತಿನ್ನುದು ಕಮ್ಮಿ ಆಗ್ತದೆ, ಅತ್ತೆಯವ್ರಿಗೆ ಎದೆ ಡವಡವ ಅಂತದೆ. ಆರೋಗ್ಯ ಸರಿ ಇರುವ ಮೂರು ವರ್ಷದ ಮಗು ಎದುರು ಅನ್ನ ಇಟ್ಟುಕೊಂಡು ಉಪವಾಸ ಕೂರುದಿಲ್ಲ. ಆದ್ರೆ ಒಂದು ಮಾತು, ಮಧ್ಯ ಮಧ್ಯ ಬಿಸ್ಕೆಟು, ಹಾಲು ಕೊಟ್ಟು ಹೊಟ್ಟೆ ತುಂಬಿಸಿದ್ರೆ ಈ ಉಪಾಯ ನಡಿಯುದಿಲ್ಲ. ಇನ್ನು ಎಂದಿನಿಂದಲೂ ತೂಕ ಏರುದಿಲ್ಲ, ನುಂಗುವಾಗ ಕೆಮ್ಮು ಬರ್ತದೆ ಅಂತಾದ್ರೆ ಅದು ಬೇರೆ ವಿಷಯ, ಮೊದಲು ತೋರಿಸಿ.

ಮಾತಿನ ವಿಷಯ. ಬಣ್ಣದ ಹೆಸರೆಲ್ಲ ಇಂಗ್ಲಿಷಲ್ಲಿ ಹೇಳ್ತಾಳೆ ಅಂತ ನೀವು ಬರೆದದ್ದು ಓದಿ ನನಗೆ ಅಷ್ಟು ಖುಷಿ ಆಗ್ಲಿಲ್ಲ. ನೀರು ಬೇಕು ಅಂತ ಹೇಳ್ತಾಳಾ? ಅಜ್ಜಿ ಎಲ್ಲಿ ಹೋದ್ರು ಅಂತ ಕೇಳಿದ್ರೆ ಉತ್ತರ ಬರ್ತದಾ? ನನಗೆ ಬೇಕಾದ್ದು ಅದು. ಅಮೆರಿಕದಲ್ಲಿ ಪೆಟ್ರೀಷಿಯಾ ಕೂಲ್ ಅನ್ನುವ ವಿಜ್ಞಾನಿ ಮತ್ತೆ ಅವರ ತಂಡ 2003ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು. ಇಂಗ್ಲಿಷ್ ಮನೆಯ ಒಂಬತ್ತು ತಿಂಗಳ ಮಕ್ಕಳು, ಕೆಲವರ ಎದುರು ಚೀನಾದವರೇ ಕೂತು ಚೀನೀ ಭಾಷೆಯಲ್ಲಿ ಪುಸ್ತಕ ಓದಿ, ಆಟದ ಸಾಮಾನು ತೋರಿಸಿ ಮಾತಾಡಿದ್ರು, ಇನ್ನು ಕೆಲವರಿಗೆ ಅದೇ ಜನ ಅದೇ ಮಾತು ಟಿವಿಯಲ್ಲಿ, ಎಲ್ಲ ಸೇರಿ 12 ಸಲ. ಎದುರು ಜನ ಇದ್ದ ಮಕ್ಕಳು ಚೀನೀ ಭಾಷೆಯ ಧ್ವನಿ ಗುರುತು ಹಿಡಿಯುದು ಕಲಿತ್ರು, ಟಿವಿ ನೋಡಿದ ಮಕ್ಕಳು ಎಂತದೂ ಕಲೀಲಿಲ್ಲ. ಏಳು ಭಾಷೆಯ ನಮ್ಮ ಊರಿಗೆ ಇದು ಬಹಳ ಹತ್ರದ ಸಂಗತಿ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ತೋಟದ ಕೆಲಸದವ್ರ ಹತ್ರ ತುಳು, ಬಸ್ಸಲ್ಲಿ ಮಲಯಾಳ ಅಂತ ಯಾರೂ ಕಲಿಸದೆ ಕಲಿತದ್ದು ಎದುರು ಮನುಷ್ಯರು ಇದ್ದದ್ದರಿಂದ. ಹಾಗೆಯೇ ಮನೆಯಲ್ಲಿ ಮೂರು ಭಾಷೆ ಇದ್ರೆ ಮಾತು ತಡ ಆಗ್ತದೆ ಅಂತ ಒಂದು ಸುದ್ದಿ ಉಂಟು, ಅದನ್ನು ನಂಬಬೇಡಿ, ಭಾಷೆ ಹೆಚ್ಚಾದದ್ದಕ್ಕೆ ಮಕ್ಕಳು ಮೂಗರಾಗುದಿಲ್ಲ. ಅಂಗಡಿಯವ್ರು ಮಲಯಾಳದಲ್ಲಿ ಮಾತಾಡಿಸಿದ್ರೆ ಮಾತಾಡಿಸ್ಲಿ.

ಮತ್ತೆ, ಫೋನ್ ನೋಡಿ ಆಟಿಸಂ ಬರ್ತದೆ ಅಂತ ರೀಲ್ಸಿನಲ್ಲಿ ಹೇಳುವವ್ರು ಬಹಳ ಇದ್ದಾರೆ, 'ವರ್ಚುವಲ್ ಆಟಿಸಂ' ಅಂತ ಹೆಸರು ಬೇರೆ. ಅಂಥ ರೋಗದ ಹೆಸರು ವೈದ್ಯಕೀಯ ಪಟ್ಟಿಯಲ್ಲಿ ಇಲ್ಲ. ಅದನ್ನು ಕೇಳಿ ನಿದ್ದೆಗೆಡಬೇಡಿ.

ಅಪ್ಪನ ವಿಡಿಯೋ ಕಾಲ್ ಈ ಗಂಟೆಯ ಲೆಕ್ಕಕ್ಕೆ ಸೇರುದಿಲ್ಲ, ಅದನ್ನು ಕಟ್ ಮಾಡ್ಬೇಡಿ. 2014ರ ಇನ್ನೊಂದು ಅಧ್ಯಯನದಲ್ಲಿ ಎರಡು ವರ್ಷ ದಾಟಿದ ಮಕ್ಕಳು ಸ್ಕೈಪಿನಲ್ಲಿ ಎದುರಿನವ್ರ ಜೊತೆ ಮಾತಾಡಿ ಹೊಸ ಶಬ್ದ ಕಲಿತ್ರು, ರೆಕಾರ್ಡ್ ಮಾಡಿದ ವಿಡಿಯೋದಿಂದ ಕಲೀಲಿಲ್ಲ, ಯಾಕಂದ್ರೆ ಕಾಲ್‌ನಲ್ಲಿ ಮಗು ನಕ್ಕರೆ ಆಚೆಯಿಂದಲೂ ನಗ್ತಾರೆ. ನಿಮ್ಮ ಯಜಮಾನರಿಗೆ ಹೇಳಿ, ಊಟ ಆಯ್ತಾ ಶಾಲೆಗೆ ಹೋದ್ಯಾ ಅಂತ ಎರಡು ಪ್ರಶ್ನೆ ಕೇಳಿ ಅಮ್ಮನಿಗೆ ಕೊಡು ಅನ್ನುದಲ್ಲ, ರೂಮಿನಲ್ಲಿ ಎಂತ ಅಡುಗೆ ಮಾಡ್ತಿದ್ದೇನೆ ಅಂತ ತೋರಿಸ್ಲಿ, ಒಂದು ಕಥೆ ಹೇಳ್ಲಿ, ಮಗಳು ಚಿತ್ರ ಹಿಡಿದು ತೋರಿಸಿದ್ರೆ ಇದೆಂತದು ಅಂತ ಕೇಳ್ಲಿ.

ಇನ್ನು ಅತ್ತೆಯವ್ರಿಗೆ ಸೇರಿದ ವಿಷಯ ಒಂದುಂಟು, ಹೇಗೆ ಹೇಳ್ತೀರೋ ನಿಮಗೆ ಬಿಟ್ಟದ್ದು. ಸಂಜೆ ಚಾವಡಿಯ ಟಿವಿಯಲ್ಲಿ ಸೀರಿಯಲ್ ಓಡ್ತಾ ಇರ್ತದೆ ಅಲ್ವಾ, ಮಗು ಅದನ್ನು ನೋಡುದೇ ಇಲ್ಲ, ಮೂಲೆಯಲ್ಲಿ ಆಡಿಕೊಂಡಿದೆ, ಹಾಗಾಗಿ ತೊಂದ್ರೆ ಇಲ್ಲ ಅಂತ ಎಲ್ಲರೂ ಎಣಿಸುದು. 1ರಿಂದ 3 ವರ್ಷದ ಮಕ್ಕಳನ್ನು ಆಟದ ಸಾಮಾನಿನ ಜೊತೆ ಒಂದು ಗಂಟೆ ಬಿಟ್ಟು, ಅದ್ರಲ್ಲಿ ಅರ್ಧ ಗಂಟೆ ದೊಡ್ಡವ್ರ ಟಿವಿ ಶೋ ಹಾಕಿ ನೋಡಿದ್ದಾರೆ, ಮಕ್ಕಳು ಟಿವಿ ಕಡೆ ಸರಿಯಾಗಿ ನೋಡದಿದ್ರೂ ಆಟ ತುಂಡು ತುಂಡಾಯ್ತು, ಒಂದರಲ್ಲಿ ಮನಸ್ಸಿಡುವ ಹೊತ್ತು ಕಮ್ಮಿ ಆಯ್ತು. ಮನೆಯವ್ರು ಮಗುವಿನ ಜೊತೆ ಮಾತಾಡುದೂ ಟಿವಿ ಇದ್ರೆ ಕಮ್ಮಿ. ಅತ್ತೆಯವ್ರಿಗೆ ಸೀರಿಯಲ್ ಬೇಡ ಅಂತ ಹೇಳುವಷ್ಟು ಧೈರ್ಯ ನನಗೂ ಇಲ್ಲ. ಅವರ ಇಷ್ಟದ ಒಂದೋ ಎರಡೋ ನೋಡ್ಲಿ, ಮುಗಿದ ಕೂಡ್ಲೆ ಬಂದ್. ಯಾರೂ ನೋಡದೆ ಓಡುವ ಟಿವಿಯದ್ದೇ ಉಪದ್ರ.

ಮತ್ತೆ ಮಗಳನ್ನು ಅಂಗನವಾಡಿಗೆ ಕಳಿಸಿ. ಸ್ಮಾರ್ಟ್ ಟಿವಿಯಲ್ಲಿ ರೈಮ್ಸ್ ಹಾಕಿ ಕೂರಿಸುವ ಪ್ಲೇಸ್ಕೂಲಿಗಿಂತ ಹತ್ತು ಮಕ್ಕಳು ಕಿತ್ತಾಡುವ ಅಂಗನವಾಡಿ ಅವಳಿಗೆ ಈಗ ಮೇಲು. ಅಲ್ಲಿ ಮೊಟ್ಟೆ ಹಾಲೂ ಸಿಗ್ತದೆ.

ಮಗನ ವಿಷಯದಲ್ಲಿ ಮೊದಲು ಒಂದು ಕೆಲಸ ಮಾಡಿ, ಅವನ ಹತ್ರ ಕೂತು ಯಾವ ಗೇಮು, ಯಾರ ಜೊತೆ ಆಡ್ತಾನೆ ಅಂತ ನೋಡಿ. ಫ್ರೀ ಫೈರ್ ಮ್ಯಾಕ್ಸೋ ಇನ್ನೊಂದೋ, ಬಹಳ ಸಲ ಆಚೆ ಕಡೆ ಇರುದು ಅವನದ್ದೇ ಕ್ಲಾಸಿನ ಮಕ್ಕಳು, ಹೆಡ್‌ಫೋನಲ್ಲಿ ಬಾ ಬಾ, ಹಿಂದೆ ನೋಡು, ಹೊಡಿ ಅಂತ ಕನ್ನಡ ಮಲಯಾಳ ಬೆರೆಸಿ ಬೊಬ್ಬೆ. ಅವನಿಗೆ ಪಾರ್ಟಿ ಕಟ್ಟಿ ಆಡ್ಲಿಕ್ಕೆ ಸಿಕ್ಕಿದ ಜಾಗ ಅದೊಂದೇ. ಅದನ್ನು ಸುಮ್ಮನೆ ನಿಲ್ಲಿಸಿದ್ರೆ ತೋಡಿಗೆ ಕಟ್ಟ ಕಟ್ಟಿದ ಹಾಗೆ, ನೀರು ಬದಿಯಿಂದ ದಾರಿ ಮಾಡ್ತದೆ, ಅಜ್ಜಿಯ ಫೋನು, ಮಾವನ ಫೋನು, ಪಕ್ಕದ ಮನೆಯ ಫೋನು. ಮೊದಲು ಬೇರೆ ಪಾರ್ಟಿ ಹುಡುಕ್ಬೇಕು.

ಹೇಗೆ ಅಂದ್ರೆ, ನಿಮ್ಮ ಆಸುಪಾಸಿನ ಎರಡು ಮೂರು ಮನೆಯ ಅಮ್ಮಂದಿರು ಮಾತಾಡಿಕೊಳ್ಳಿ, ಎಲ್ಲರಿಗೂ ಇದೇ ಕಷ್ಟ ಇರ್ತದೆ. ವ್ಯಾನು ಇಳಿದು ಚಾ ಕುಡಿದ ಮೇಲೆ ಐದರಿಂದ ಆರೂವರೆ ಒಂದು ಮನೆಯ ಅಂಗಳ, ಮರುವಾರ ಇನ್ನೊಂದು ಮನೆ. ಅಂಗಳ ಇದ್ಯಲ್ಲ, ಅಡಿಕೆ ಒಣಗಿಸ್ಲಿಕ್ಕೆ ಅಷ್ಟು ದೊಡ್ಡ ಅಂಗಳ ಇರುವವ್ರು ನಾವು, ಮಳೆಗಾಲದಲ್ಲಿ ಹೇಗೂ ಅಡಿಕೆ ಇಲ್ಲ, ಬೇಸಿಗೆಯಲ್ಲಿ ಒಂದು ಮೂಲೆ ಬಿಡಿ. ದೊಡ್ಡವ್ರು ಒಬ್ಬರು ಚಾವಡಿಯಲ್ಲಿ ಇದ್ರೆ ಸಾಕು, ಆಟ ಹೇಳಿಕೊಡ್ಲಿಕ್ಕೆ ಹೋಗ್ಬೇಡಿ, ಯಾರು ಔಟು ಅಂತ ತೀರ್ಪೂ ಕೊಡ್ಬೇಡಿ. ಜಗಳ ಆಗ್ಲಿ. ಆ ಜಗಳದಲ್ಲಿ ಅವನು ಅಂಗನವಾಡಿಯಲ್ಲಿ ಕಲಿಯದೆ ಬಾಕಿಯಾದದ್ದು ಕಲೀತಾನೆ. ವಾರ್ಡಿನಲ್ಲಿ ಹೆಂಗಸರ ಸ್ವಸಹಾಯ ಗುಂಪು ಕುಡುಂಬಶ್ರೀಯವ್ರ ಬಾಲಸಭೆ ಉಂಟಾ ಕೇಳಿ, 5ರಿಂದ 18 ವರ್ಷದ ಮಕ್ಕಳದ್ದು ಅದು, ಕೆಲವು ಕಡೆ ಹೆಸರಿಗೆ ಮಾತ್ರ ಇರ್ತದೆ, ನೀವು ನಾಲ್ಕು ಜನ ಕೇಳಿದ್ರೆ ಚುರುಕಾಗ್ತದೆ. ಯಕ್ಷಗಾನದ ಕ್ಲಾಸು, ಕಬಡ್ಡಿ ಕೋಚಿಂಗು ಎಲ್ಲ ಒಳ್ಳೇದೇ, ಆದ್ರೆ ಅದು ಕ್ಲಾಸು. ಯಾರೂ ಹೇಳಿಕೊಡದ ಒಂದು ಗಂಟೆ ಬೇರೆಯೇ ಬೇಕು. ಈ ವರ್ಷ ನಾಲ್ಕನೇ ಕ್ಲಾಸಿನ ಸ್ಕಾಲರ್‌ಶಿಪ್ ಪರೀಕ್ಷೆ ಉಂಟು ಅಂತ ಆ ಒಂದು ಗಂಟೆಯನ್ನೂ ಕೋಚಿಂಗಿಗೆ ಕೊಟ್ಟುಬಿಡುವವ್ರು ಇದ್ದಾರೆ, ನನ್ನನ್ನು ಕೇಳಿದ್ರೆ ಅದು ಲುಕ್ಸಾನಿನ ವ್ಯಾಪಾರ.

ಹೊರಗೆ ಆಡುದಕ್ಕೆ ಇನ್ನೊಂದು ಗಟ್ಟಿ ಕಾರಣ ಕಣ್ಣು. ಚೀನಾದ ಗ್ವಾಂಗ್‌ಝೌದಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಶಾಲೆಯಲ್ಲೇ ದಿನಕ್ಕೆ 40 ನಿಮಿಷ ಹೆಚ್ಚು ಹೊರಗೆ ಬಿಟ್ಟು ಮೂರು ವರ್ಷ ನೋಡಿದ್ರು, 2015ರಲ್ಲಿ ಅದು ಪ್ರಕಟ ಆಯ್ತು: ಹೊರಗೆ ಬಿಡದ ಶಾಲೆಗಳಲ್ಲಿ ನೂರರಲ್ಲಿ 39.5 ಮಕ್ಕಳಿಗೆ ದೂರದ್ದು ಕಾಣದ ಸಮಸ್ಯೆ ಶುರುವಾಗಿತ್ತು, ಬಿಟ್ಟ ಶಾಲೆಗಳಲ್ಲಿ 30.4. ಗಮ್ಮತ್ತು ಎಂತದಂದ್ರೆ ಅವ್ರು ಹೊರಗೆ ಎಂತ ಮಾಡಿದ್ರು ಅನ್ನುದು ಅಷ್ಟು ಮುಖ್ಯ ಅಲ್ಲ, ಬೆಳಕು ಮುಖ್ಯ. ಮನೆಯೊಳಗೆ ಲೈಟ್ ಹಾಕಿದ್ರೂ ಕೆಲವು ನೂರು ಲಕ್ಸ್ ಬೆಳಕು, ಹೊರಗೆ ಮರದ ನೆರಳಲ್ಲೂ ಸಾವಿರಾರು. ಹಗಲಿನ ಬೆಳಕಿಗೆ ಕಣ್ಣಿನೊಳಗೆ ಡೋಪಮಿನ್ ಅನ್ನುವ ರಾಸಾಯನಿಕ ಹೆಚ್ಚಾಗಿ ಕಣ್ಣುಗುಡ್ಡೆ ಉದ್ದ ಬೆಳೆಯುದನ್ನು ತಡೀತದೆ ಅಂತ ವಿಜ್ಞಾನಿಗಳ ಅಂದಾಜು. ಹಾಗಾಗಿ ಅಂಗಳದಲ್ಲಿ ಸುಮ್ಮನೆ ಕೂತು ಕಲ್ಲಾಟ ಆಡಿದ್ರೂ ಕಣ್ಣಿಗೆ ಲಾಭ. ಕ್ಲಾಸಲ್ಲಿ ಬೋರ್ಡ್ ಕಾಣ್ತದಾ ಅಂತ ಮಗನನ್ನು ಕೇಳಿ, ಸಂಶಯ ಇದ್ರೆ ಟೆಸ್ಟ್ ಮಾಡಿಸಿ.

ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಮಳೆ, ಆಗ ಎಂತ ಮಾಡುದು ಅಂತ ಕೇಳ್ತೀರಿ. ಅಲ್ಲಿ ಅತ್ತೆಯವ್ರು ಬೇಕು. ಅಟ್ಟದಲ್ಲಿ ಚೆನ್ನೆಮಣೆ ಇರ್ಬಹುದು, 14 ಗುಳಿ, ಗುಳಿಗೆ 4 ಕಾಯಿ, ಮಳೆಗಾಲದ ಆಟಿ ತಿಂಗಳ ಆಟ. ಹಳೇ ಆಟ ಅಂದ ಕೂಡ್ಲೆ ಅದು ಮದ್ದು ಅಂತ ನಾನು ಹೇಳುದಿಲ್ಲ, ಕೇರಂ ಆದ್ರೂ ಲೂಡೋ ಆದ್ರೂ ಒಂದೇ. ಆದ್ರೆ ಚೆನ್ನೆಮಣೆಯಲ್ಲಿ ಒಂದು ವಿಶೇಷ ಉಂಟು: ಮನೆಯಲ್ಲಿ ಅದು ಬರುದು ಅತ್ತೆಯವ್ರಿಗೆ ಮಾತ್ರ, ಮೊದಲ ತಿಂಗಳು ಮೊಮ್ಮಗನನ್ನು ಸೋಲಿಸಿಯೇ ಸೋಲಿಸ್ತಾರೆ, ಗೇಮಿನಲ್ಲಿ ಗೆದ್ದು ಗೊತ್ತಿರುವ ಹುಡುಗನಿಗೆ ಅಜ್ಜಿಯನ್ನು ಸೋಲಿಸುವ ಹಠ ಬರ್ತದೆ. ನಮ್ಮ ಕಾಲ ನಮ್ಮ ಕಾಲ ಅಂತ ಹೇಳುವ ಅವರಿಗೂ ಒಂದು ಕೆಲಸ ಸಿಕ್ಕಿದ ಹಾಗಾಯ್ತು.

ಫೋನಿನ ನಿಯಮ ನಾಲ್ಕೈದು ಬೇಡ, ನೆನಪೂ ಉಳಿಯುದಿಲ್ಲ. ಊಟದ ಹೊತ್ತಿಗೆ ಯಾರ ಕೈಯಲ್ಲೂ ಇಲ್ಲ, ಮಲಗುವ ಕೋಣೆಗೆ ಯಾರದ್ದೂ ಇಲ್ಲ, ನಿಮ್ಮದೂ ಸೇರಿ. ಒಂಬತ್ತು ವರ್ಷಕ್ಕೆ 9 ಗಂಟೆಗೆ ಕಮ್ಮಿ ಇಲ್ಲದ ನಿದ್ದೆ ಬೇಕು, ಬೆಳಿಗ್ಗೆ ವ್ಯಾನು ಬೇಗ ಬರ್ತದೆ ಅಂದ್ರೆ ರಾತ್ರೆ ಒಂಬತ್ತಕ್ಕೆ ಮಲಗ್ಬೇಕು, ಅಷ್ಟೆ. ನೋಡುದಾದ್ರೆ ಫೋನಲ್ಲಿ ಬೇಡ, ದೊಡ್ಡ ಟಿವಿಯಲ್ಲಿ, ಆಟೋಪ್ಲೇ ಆಫ್ ಮಾಡಿ, ಮುಗಿಯುವಂಥದ್ದು ಹಾಕಿ, ಒಂದು ಎಪಿಸೋಡು, ಒಂದು ಮ್ಯಾಚು, ಒಂದು ಸಿನಿಮಾ. ಗೇಮಾದ್ರೆ ನಿಮಿಷ ಲೆಕ್ಕಕ್ಕಿಂತ ಎಷ್ಟು ಮ್ಯಾಚ್ ಅಂತ ಮಾತಾಡಿಕೊಳ್ಳಿ, ನಡು ಮಧ್ಯ ಕಿತ್ತುಕೊಳ್ಳುವ ಕಷ್ಟ ತಪ್ಪುತ್ತದೆ. ಶಾರ್ಟ್ಸಿಗೆ ಮಾತ್ರ ಈ ಉಪಾಯ ಇಲ್ಲ, ಅದನ್ನು ಅವನ ಕೈಗೆ ಕೊಡುದೇ ಬೇಡ ಅಂತ ನನ್ನ ಅಭಿಪ್ರಾಯ. ಗೂಗಲ್ ಪೇ ಇರುವ ಫೋನೂ ಬೇಡ, ಗೇಮಿನ ಗನ್ನು ಡ್ರೆಸ್ಸು ಅಂತ ಅಪ್ಪ ಕಳಿಸಿದ ದುಡ್ಡು ಹೋದ ಕಥೆ ನಮ್ಮೂರಲ್ಲಿ ಕೇಳದವ್ರಿಲ್ಲ. ಶುರುವಿಗೆ ಎರಡು ವಾರ ಬೋರು ಬೋರು ಅಂತ ನಿಮ್ಮ ಹಿಂದೆಯೇ ತಿರುಗ್ತಾನೆ. ತಿರುಗ್ಲಿ. ಪ್ರತೀ ಬೋರಿಗೂ ನೀವು ಒಂದು ಐಡಿಯಾ ಹುಡುಕಿ ಕೊಡ್ಬೇಕು ಅಂತಿಲ್ಲ, ಬಿದ್ದ ಅಡಿಕೆ ಹೆಕ್ಕಿ ತಾ ಅಂತ ಹೇಳಿ, ತನ್ನಿಂತಾನೇ ಬೇರೆ ಆಟ ಹುಡುಕ್ತಾನೆ.

ಬೊಬ್ಬೆ ಹಾಕಿದ ಮಾತ್ರಕ್ಕೆ ಅಡಿಕ್ಷನ್ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಗೇಮಿಂಗ್ ಡಿಸಾರ್ಡರ್ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುದು, ಎಷ್ಟು ಆಡ್ಬೇಕು ಅನ್ನುವ ಹಿಡಿತವೇ ತಪ್ಪಿ, ಊಟ ನಿದ್ದೆ ಶಾಲೆ ಗೆಳೆಯರು ಎಲ್ಲದಕ್ಕಿಂತ ಗೇಮೇ ಮುಂದೆ ಬಂದು, ತೊಂದ್ರೆ ಆದ್ರೂ ನಿಲ್ಲದೆ ಸಾಮಾನ್ಯವಾಗಿ ಒಂದು ವರ್ಷದಷ್ಟು ನಡೆದ್ರೆ. ಫೋನ್ ಇಲ್ಲದಿದ್ರೆ ಕೈ ಮಾಡುದು, ವಸ್ತು ಒಡೆಯುದು, ಶಾಲೆಗೇ ಹೋಗದೆ ಇರುದು ಶುರುವಾದ್ರೆ ಒಂದು ವರ್ಷ ಕಾಯ್ಬೇಡಿ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ನಂಬರು, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಶಟ್ ಕ್ಲಿನಿಕ್ ಉಂಟು. ನೀವು ಬರೆದದ್ದು ನೋಡಿದ್ರೆ ನಿಮ್ಮ ಮಗನಿಗೆ ಅಲ್ಲಿ ತನಕ ಹೋಗುವ ಅಗತ್ಯ ಕಾಣುದಿಲ್ಲ.

ಮಗಳ ವಿಷಯ ಮಾತ್ರ ಮುಂದೆ ಹಾಕ್ಬೇಡಿ. ಮೂರು ವರ್ಷಕ್ಕೆ ಎರಡು ಮೂರು ಶಬ್ದ ಜೋಡಿಸಿ ತನ್ನದೇ ಮಾತು ಹೇಳ್ಬೇಕು, ಮನೆಯ ಹೊರಗಿನವ್ರಿಗೂ ಬಹುಪಾಲು ಅರ್ಥ ಆಗ್ಬೇಕು, ಹೆಸರು ಕರೆದ್ರೆ ತಿರುಗಿ ನೋಡ್ಬೇಕು. ಫೋನ್ ನಿಲ್ಲಿಸಿ ನೋಡುವ, ಸರಿ ಆದ್ರೂ ಆಗ್ಬಹುದು ಅಂತ ಆರು ತಿಂಗಳು ಕಾಯುವವ್ರು ಬಹಳ ಜನ, ಎರಡೂ ಒಟ್ಟಿಗೆ ನಡೀಲಿ. ಮೊದಲು ಕಿವಿಯ ಟೆಸ್ಟು, ಶೀತ ಆಗಿ ಆಗಿ ಕಿವಿಯೊಳಗೆ ನೀರು ನಿಂತು ಅರ್ಧ ಕೇಳುವ ಮಕ್ಕಳೂ ಇರ್ತಾರೆ. ನಿಮ್ಮ ಪಿಎಚ್‌ಸಿಯಲ್ಲೋ ಆಶಾ ಕಾರ್ಯಕರ್ತೆಯವ್ರ ಹತ್ರವೋ ಜಿಲ್ಲೆಯ ಡಿಇಐಸಿಗೆ ಚೀಟಿ ಕೇಳಿ, ಕಿವಿ, ಮಾತು ಎರಡನ್ನೂ ನೋಡುವ ಸರ್ಕಾರಿ ಕೇಂದ್ರ ಅದು. ಹೋಗುವಾಗ ಅವಳು ಒಂದು ದಿನದಲ್ಲಿ ತನ್ನಷ್ಟಕ್ಕೇ ಹೇಳಿದ ಮಾತುಗಳನ್ನು, ಯಾವ ಭಾಷೆಯದ್ದಾದ್ರೂ ಸರಿ, ಒಂದು ಪೇಪರಲ್ಲಿ ಬರ್ಕೊಂಡು ಹೋಗಿ. ರೈಮ್ಸಿನ ಸಾಲು, ಬಣ್ಣದ ಹೆಸರು ಅದ್ರಲ್ಲಿ ಸೇರಿಸ್ಬೇಡಿ.